ಕರಾವಳಿಯ ಮನೆಗೆ ಎಸಿ: ತೇವ ಮತ್ತು ಉಪ್ಪಿನ ಲೆಕ್ಕ

ಏಪ್ರಿಲ್‌ನ ಒಂದು ಮಧ್ಯಾಹ್ನ ಬೆಂಗಳೂರಿನಲ್ಲಿ 34 ಡಿಗ್ರಿ, ಮಂಗಳೂರಿನಲ್ಲಿ 33 ಡಿಗ್ರಿ ಇದೆ ಎಂದುಕೊಳ್ಳಿ. ಥರ್ಮಾಮೀಟರ್ ನಂಬಿದರೆ ಬೆಂಗಳೂರಿನ ಎಸಿಗೇ ಹೆಚ್ಚು ಕೆಲಸ ಇರಬೇಕು. ಆದರೆ ಬೆಂಗಳೂರಿನ ಆ ಹೊತ್ತಿನ ಗಾಳಿಯಲ್ಲಿ ಆರ್ದ್ರತೆ ಶೇ. 30ರ ಆಸುಪಾಸು, ಒಂದು ಕಿಲೋ ಗಾಳಿಯಲ್ಲಿ ಸುಮಾರು 11 ಗ್ರಾಂ ನೀರಾವಿ. ಎಸಿ ಹಾಕಿ 25 ಡಿಗ್ರಿಗೆ ತಂದ ಹಿತವಾದ ಕೋಣೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ನೀರಾವಿ ಇರುತ್ತದೆ. ಮಂಗಳೂರಿನಲ್ಲಿ ಆರ್ದ್ರತೆ ಶೇ. 70 ಹಿಡಿದರೂ ಅದೇ ಒಂದು ಕಿಲೋ ಗಾಳಿಯಲ್ಲಿ 22 ಗ್ರಾಂ. ಹೆಚ್ಚಿನ ಆ 11 ಗ್ರಾಂ ನೀರನ್ನು ಹಿಂಡಿ ಹೊರಹಾಕುವುದೇ ಕಾರವಾರದಿಂದ ಉಳ್ಳಾಲದವರೆಗಿನ ಪ್ರತಿ ಮನೆಯ ಎಸಿಯ ಮುಖ್ಯ ಕೆಲಸ. ತಂಪು ಮಾಡುವುದು ಅದರ ನಂತರ. ಎಸಿ ಕೊಳ್ಳುವಾಗಲೂ ಸರ್ವಿಸ್ ಮಾಡಿಸುವಾಗಲೂ ಇದನ್ನು ಮರೆತರೆ ಬಿಲ್ ಬೆಳೆಯುತ್ತದೆ, ಸೆಕೆ ಮಾತ್ರ ಹೋಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. 12 ಅಡಿಗೆ 10 ಅಡಿಯ, 9 ಅಡಿ ಎತ್ತರದ ಕೋಣೆ ಎಂದರೆ ಸುಮಾರು 30 ಘನ ಮೀಟರ್ ಗಾಳಿ. ಕಿಟಕಿ ಸಂದು, ಬಾಗಿಲ ಅಡಿ, ವೆಂಟಿಲೇಟರ್ ಜಾಲರಿಗಳ ಮೂಲಕ ಗಂಟೆಗೊಮ್ಮೆ ಇಷ್ಟೂ ಗಾಳಿ ಬದಲಾಗುತ್ತಿದ್ದರೆ ಪ್ರತಿ ಗಂಟೆ ಸುಮಾರು 400 ಮಿಲಿಲೀಟರ್ ನೀರು ಆವಿಯಾಗಿ ಒಳಗೆ ಬರುತ್ತದೆ. ಅದನ್ನು ಮತ್ತೆ ನೀರಾಗಿಸಲು ಎಸಿ ಸುಮಾರು 260 ವ್ಯಾಟ್ ಶಾಖ ತೆಗೆಯಬೇಕು. ಅದೇ ಗಾಳಿಯ ಬಿಸಿ ಇಳಿಸಲು ಬೇಕಾಗುವುದು 80 ವ್ಯಾಟ್‌ಗೂ ಕಡಿಮೆ. ಅಂದರೆ ಸೋರುವ ಗಾಳಿಯ ಹೊರೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೀ ತೇವದ್ದು. ಹಾಗಾಗಿ ಹೊಸ ಎಸಿಗೆ ದುಡ್ಡು ಹಾಕುವ ಮೊದಲು ಕಿಟಕಿ ಚೌಕಟ್ಟಿಗೆ ರಬ್ಬರ್ ಪಟ್ಟಿ, ಬಾಗಿಲ ಅಡಿಗೆ ಸೀಲ್, ಹಳೆಯ ವೆಂಟಿಲೇಟರ್‌ಗೆ ಅಕ್ರಿಲಿಕ್ ಅಥವಾ ಗಾಜಿನ ಮುಚ್ಚಳ, ಪೈಪ್ ಹೋಗುವ ಗೋಡೆಯ ತೂತಿಗೆ ಸೀಲೆಂಟ್ ಹಾಕಿಸಿ. ಒಂದೆರಡು ಸಾವಿರ ರೂಪಾಯಿಯ ಈ ಕೆಲಸ ಕೊಡುವಷ್ಟು ಲಾಭವನ್ನು ಎಸಿಯಲ್ಲಿ ಒಂದು ಸ್ಟಾರ್ ಹೆಚ್ಚಿಸಿಯೂ ಪಡೆಯುವುದು ಕಷ್ಟ.

ಹಂಚಿನ ಮನೆಗಳ ವಿಷಯ ಬೇರೆ. ಮಂಗಳೂರು ಹಂಚಿನ ಮಾಡು ಗಾಳಿಯಾಡಲೆಂದೇ ಆದದ್ದು. ಅದರ ಕೆಳಗೆ ನೇರವಾಗಿ ಎಸಿ ಹಾಕಿದರೆ ಯಂತ್ರ ಇಡೀ ಊರಿನ ತೇವ ಹಿಂಡುತ್ತಾ ಕೂರುತ್ತದೆ. ಮರದ ಹಲಗೆಯ ಸೀಲಿಂಗ್ ಇದ್ದರೂ ಹಲಗೆಗಳ ನಡುವಿನ ಸಂದು ಸಾಕು ಕೆಲಸ ಕೆಡಿಸಲು. ಎಸಿ ಬೇಕಾದ ಕೋಣೆಗೆ ಮಾತ್ರ ಫೈಬರ್ ಸಿಮೆಂಟ್ ಹಲಗೆಯ ಸೀಲಿಂಗ್ ಹಾಕಿಸಿ, ಜೋಡಣೆಗಳನ್ನೆಲ್ಲ ಮುಚ್ಚಿಸಿ, ಮೇಲೆ 50 ಮಿಲಿಮೀಟರ್ ಇನ್ಸುಲೇಶನ್ ಹಾಸಿ. ಅದರ ಅಲ್ಯೂಮಿನಿಯಂ ಹಾಳೆ ಹಂಚಿನ ಕಡೆಗೆ, ಅಂದರೆ ಬಿಸಿ ಬದಿಗೆ ಇರಬೇಕು. ತಿರುಗಿಸಿ ಹಾಸಿದರೆ ಮೇಲಿನ ತೇವ ಇನ್ಸುಲೇಶನ್ ಒಳಗೆ ಇಳಿದು ತಣ್ಣನೆಯ ಹಲಗೆಯ ಮೇಲೆ ನೀರಾಗುತ್ತದೆ. ಹಂಚಿಗೂ ಸೀಲಿಂಗಿಗೂ ನಡುವಿನ ಜಾಗದಲ್ಲಿ ಗಾಳಿಯಾಟ ಹಾಗೆಯೇ ಇರಲಿ. ಜಿಪ್ಸಂ ಹಲಗೆ ಇಲ್ಲಿ ಬೇಡ. ಮಳೆಗಾಲದಲ್ಲಿ ಒಂದು ಹಂಚು ಜಾರಿದರೂ ಅದು ನೆನೆದು ಕುಸಿಯುತ್ತದೆ.

ದೊಡ್ಡ ಎಸಿ, ಅಂಟು ಮೈ

120 ಚದರ ಅಡಿಯ ಮಲಗುವ ಕೋಣೆಗೆ 1 ಟನ್ ಸಾಕು. 150ರಿಂದ 180 ಚದರ ಅಡಿಗೆ, ಅಥವಾ ಮೇಲೆ ಬಿಸಿಲು ಬೀಳುವ ಕಾಂಕ್ರೀಟ್ ತಾರಸಿ ಇದ್ದರೆ 1.5 ಟನ್. "ಇರಲಿ, ಸ್ವಲ್ಪ ದೊಡ್ಡದೇ ತಗೊಳ್ಳಿ" ಎಂಬ ಅಂಗಡಿಯ ಸಲಹೆ ಕರಾವಳಿಯಲ್ಲಿ ತಿರುಗುಬಾಣ. ದೊಡ್ಡ ಎಸಿ ಐದಾರು ನಿಮಿಷದಲ್ಲಿ ಉಷ್ಣತೆ ಇಳಿಸಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ಕಾಯಿಲ್ (ಒಳಗಿನ ಯೂನಿಟ್‌ನ ತಣ್ಣನೆಯ ಕೊಳವೆ ಸುರುಳಿ) ಮೇಲೆ ಕೂತ ನೀರು ಹನಿಗಟ್ಟಿ ಡ್ರೈನ್‌ಗೆ ಇಳಿಯುವಷ್ಟು ಹೊತ್ತೇ ಸಿಗುವುದಿಲ್ಲ. ಕೋಣೆ 24 ಡಿಗ್ರಿ ತೋರಿಸುತ್ತದೆ, ಹಾಸಿಗೆ ಮಾತ್ರ ಹಸಿ ಹಸಿ. ಆಗ ಮನೆಯವರು 20ಕ್ಕೆ ಇಳಿಸುತ್ತಾರೆ, ಚಳಿಯಾಗುತ್ತದೆ, ಅಂಟು ಹೋಗುವುದಿಲ್ಲ.

ಇನ್ವರ್ಟರ್ ಎಸಿ ವೇಗ ಇಳಿಸಿಕೊಂಡು ಓಡುವುದರಿಂದ ಬೇಸಿಗೆಯಲ್ಲಿ ಈ ತೊಂದರೆ ಕಡಿಮೆ. ಮಳೆಗಾಲದಲ್ಲಿ ಅದಕ್ಕೂ ಇದೇ ಗತಿ. ಹೊರಗೆ 27 ಡಿಗ್ರಿ, ಆರ್ದ್ರತೆ ಶೇ. 90, ತಂಪು ಮಾಡುವ ಕೆಲಸವೇ ಇಲ್ಲದ್ದರಿಂದ ಕಂಪ್ರೆಸರ್ ತೀರಾ ನಿಧಾನಕ್ಕಿಳಿಯುತ್ತದೆ, ಕಾಯಿಲ್‌ನ ಉಷ್ಣತೆ ಏರುತ್ತದೆ, ನೀರು ಹಿಂಡುವುದು ಬಹುತೇಕ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡ್ರೈ ಮೋಡ್ ಬಳಸಿ, ಅಥವಾ ಫ್ಯಾನ್ ವೇಗವನ್ನು ಕನಿಷ್ಠಕ್ಕೆ ಇಡಿ. ಗಾಳಿ ನಿಧಾನವಾದಷ್ಟೂ ಕಾಯಿಲ್ ತಣ್ಣಗಾಗುತ್ತದೆ, ನೀರು ಹೆಚ್ಚು ಬರುತ್ತದೆ. ಬಟ್ಟೆ ಬೀರು, ಪುಸ್ತಕದ ಕಪಾಟಿಗೆ ಬೂಷ್ಟು ಹಿಡಿಯುವುದೇ ನಿಮ್ಮ ಚಿಂತೆಯಾದರೆ ದಿನಕ್ಕೆ 20 ಲೀಟರ್ ನೀರು ತೆಗೆಯುವ ಒಂದು ಡಿಹ್ಯೂಮಿಡಿಫೈಯರ್ ಆ ನಾಲ್ಕು ತಿಂಗಳಿಗೆ ಎಸಿಗಿಂತ ಒಳ್ಳೆಯ ಖರೀದಿ.

ಬೇಸಿಗೆಯಲ್ಲಿ 26 ಡಿಗ್ರಿ ಮತ್ತು ನಿಧಾನಕ್ಕೆ ತಿರುಗುವ ಸೀಲಿಂಗ್ ಫ್ಯಾನ್ ಹೆಚ್ಚಿನವರಿಗೆ ಸಾಕಾಗುತ್ತದೆ. 18-20ಕ್ಕೆ ಇಡಬೇಡಿ ಎನ್ನುವುದಕ್ಕೆ ಬಿಲ್ ಒಂದೇ ಕಾರಣವಲ್ಲ. ಕರಾವಳಿಯ ಬೇಸಿಗೆ ಗಾಳಿ 25-26 ಡಿಗ್ರಿಯ ಮೇಲ್ಮೈ ಮುಟ್ಟಿದರೂ ಇಬ್ಬನಿಯಾಗುತ್ತದೆ. 19 ಡಿಗ್ರಿಗೆ ಇಳಿದ ಕೋಣೆಯ ಗೋಡೆಯ ಆಚೆ ಬದಿ ಬೆವರುತ್ತದೆ, ಬಣ್ಣ ಏಳುತ್ತದೆ, ಬೀರುವಿನ ಹಿಂದೆ ಕಪ್ಪು ಚುಕ್ಕೆ ಹಿಡಿಯುತ್ತದೆ. ರಿಮೋಟ್‌ನಲ್ಲಿ ಫ್ಯಾನ್ "ಆಟೋ" ಇರಲಿ. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ಜೋರಾಗಿ ಬೀಸಿದರೆ ಕಾಯಿಲ್ ಮೇಲಿನ ನೀರು ಮತ್ತೆ ಆವಿಯಾಗಿ ಕೋಣೆಗೇ ವಾಪಸು ಬರುತ್ತದೆ.

ಎಸಿ ತೇವ ತೆಗೆಯುತ್ತಿದೆಯೇ ಎಂದು ನೋಡಲು ಮೀಟರ್ ಬೇಡ. ಡ್ರೈನ್ ಪೈಪಿನ ತುದಿಗೆ ಲೀಟರ್ ಬಾಟಲಿ ಹಿಡಿಯಿರಿ. ಏಪ್ರಿಲ್-ಮೇನಲ್ಲಿ 1.5 ಟನ್ ಎಸಿ ಪೂರ್ತಿ ವೇಗದಲ್ಲಿ ಓಡುವಾಗ ಗಂಟೆಗೆ 1.5ರಿಂದ 2 ಲೀಟರ್ ನೀರು ಬರಬೇಕು. ಅರ್ಧ ಲೀಟರೂ ಬಾರದಿದ್ದರೆ ಕಾಯಿಲ್ ಕೊಳೆಯಾಗಿದೆ, ಗ್ಯಾಸ್ ಕಡಿಮೆಯಾಗಿದೆ, ಇಲ್ಲವೇ ನೀರು ಬೇರೆಲ್ಲೋ ಹೋಗುತ್ತಿದೆ.

ನೀರು ಹೋಗುವ ದಾರಿ

ಇಷ್ಟು ನೀರು ದಿನವೂ ಹರಿಯುವ ಕಡೆ ಲೋಳೆ ಕಟ್ಟದೆ ಇರದು. ಡ್ರೈನ್ ಟ್ರೇ ಮತ್ತು ಪೈಪಿನಲ್ಲಿ ಬೆಳೆಯುವ ಆ ಜೆಲ್ಲಿಯಂಥ ಲೋಳೆಯೇ ಒಳಗಿನ ಯೂನಿಟ್‌ನಿಂದ ಹಾಸಿಗೆ ಮೇಲೆ ನೀರು ತೊಟ್ಟಿಕ್ಕಲು ಮೊದಲ ಕಾರಣ. ಪೈಪಿಗೆ ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್ ಇಳಿಜಾರು ಇರಬೇಕು. ಸುರುಳಿ ಪೈಪ್ ಎಲ್ಲಾದರೂ ಜೋತುಬಿದ್ದಿದ್ದರೆ ಅಲ್ಲೇ ನೀರು ನಿಂತು ಲೋಳೆಯಾಗುತ್ತದೆ. ಗೋಡೆಯೊಳಗೆ ಹೋಗುವ ಉದ್ದನೆಯ ದಾರಿಗೆ 25 ಮಿಲಿಮೀಟರ್‌ನ ಗಟ್ಟಿ ಪಿವಿಸಿ ಹಾಕಿಸಿ. ತುದಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಬೇಡಿ, ಗಾಳಿ ಸಿಕ್ಕಿಕೊಂಡು ನೀರು ಇಳಿಯದು. ಬಚ್ಚಲಿನ ಕೊಳವೆಗೆ ನೇರವಾಗಿ ಸೇರಿಸುವುದಂತೂ ಬೇಡವೇ ಬೇಡ: ವಾಸನೆಯ ಜೊತೆ ಬರುವ ಹೈಡ್ರೋಜನ್ ಸಲ್ಫೈಡ್ ಕಾಯಿಲ್‌ನ ತಾಮ್ರವನ್ನೇ ತಿನ್ನುತ್ತದೆ.

ಫಿಲ್ಟರ್ ಜಾಲರಿಯನ್ನು ಎಸಿ ಓಡುವ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ತೊಳೆದು ನೆರಳಲ್ಲಿ ಒಣಗಿಸಿ. ಇದು ಎಲ್ಲರಿಗೂ ಗೊತ್ತು. ಹೆಚ್ಚಿನವರು ನೋಡದೆ ಬಿಡುವುದು ಬ್ಲೋವರ್ ಉರುಳೆ. ಟಾರ್ಚ್ ಹಿಡಿದು ಗಾಳಿ ಬರುವ ಸಂದಿಯೊಳಗೆ ನೋಡಿದರೆ ಉರುಳೆಯ ಎಲೆಗಳ ಮೇಲೆ ಕಪ್ಪು ಪದರ ಕಾಣುತ್ತದೆ. ಅದು ಧೂಳು ಮತ್ತು ಬೂಷ್ಟು. ಹಳಸಿದ ವಾಸನೆ ಬರುವುದು ಅಲ್ಲಿಂದ, ಗಾಳಿ ಕಡಿಮೆಯಾಗುವುದೂ ಅದರಿಂದಲೇ. ಸುಗಂಧದ ಸ್ಪ್ರೇಯಿಂದ ಅದು ಹೋಗದು.

ಸರಿಯಾದ ಸರ್ವಿಸ್ ಹೀಗಿರಬೇಕು. ಮೊದಲು ಎಂಸಿಬಿ, ಅಂದರೆ ಬೋರ್ಡ್‌ನಲ್ಲಿರುವ ಎಸಿಯ ಮುಖ್ಯ ಸ್ವಿಚ್, ಆಫ್. ಸರ್ಕ್ಯೂಟ್ ಬೋರ್ಡ್ ಇರುವ ಬದಿಗೆ, ಬಹುತೇಕ ಮಾದರಿಗಳಲ್ಲಿ ಅದು ಬಲಬದಿ, ಪ್ಲಾಸ್ಟಿಕ್ ಹೊದಿಕೆ. ಕೆಳಗೆ ನೀರು ಹಿಡಿಯುವ ಜಾಕೆಟ್. ಕಾಯಿಲ್‌ಗೆ ಪಿಎಚ್ 7ರ ಹತ್ತಿರದ, ಅಂದರೆ ಆಮ್ಲವೂ ಕ್ಷಾರವೂ ಅಲ್ಲದ ಕ್ಲೀನರ್ ಸಿಂಪಡಿಸಿ ಹತ್ತು-ಹದಿನೈದು ನಿಮಿಷ ಬಿಟ್ಟು, ಫಿನ್‌ಗಳ (ಕಾಯಿಲ್‌ನ ತೆಳು ಲೋಹದ ಪಟ್ಟಿಗಳ) ನೇರಕ್ಕೆ ಕಡಿಮೆ ಒತ್ತಡದ ನೀರು. ಓರೆಯಾಗಿ ಹೊಡೆದರೆ ಫಿನ್ ಮಡಚಿಕೊಳ್ಳುತ್ತದೆ. ಬ್ಲೋವರ್ ಅನ್ನು ಕೈಯಿಂದ ತಿರುಗಿಸುತ್ತಾ ತೊಳೆಯಬೇಕು. ಬಿಟ್ಟ ನೀರು ಡ್ರೈನ್‌ನಿಂದ ಸರಾಗವಾಗಿ ಹೊರಬರುವವರೆಗೆ ಕೆಲಸ ಮುಗಿದಿಲ್ಲ. ಕೊನೆಗೆ ಒಂದು ಗಂಟೆ ಫ್ಯಾನ್ ಮೋಡ್‌ನಲ್ಲಿ ಒಣಗಿಸಬೇಕು. ಬ್ಲೀಚಿಂಗ್ ದ್ರಾವಣ, ಟಾಯ್ಲೆಟ್ ತೊಳೆಯುವ ಆಸಿಡ್, ನೊರೆಯೆದ್ದು ಕೊಳೆ ಕರಗಿಸುವ ಕಾಸ್ಟಿಕ್ ಇವು ಯಾವುವೂ ಬೇಡ. ಆ ದಿನ ಕಾಯಿಲ್ ಹೊಳೆಯುತ್ತದೆ. ಅಲ್ಯೂಮಿನಿಯಂ ಮೇಲಿನ ರಕ್ಷಣೆಯ ಲೇಪ ಹೋಗಿರುತ್ತದೆ.

ಮಳೆಗಾಲದಲ್ಲಿ ಎಸಿ ಪೂರ್ತಿ ಬಂದ್ ಮಾಡುವ ಮನೆಗಳಲ್ಲಿ ನಿಲ್ಲಿಸುವ ಮೊದಲು ಎರಡು ಗಂಟೆ ಫ್ಯಾನ್ ಮೋಡ್‌ನಲ್ಲಿ ಒಣಗಿಸಿ, ಆಮೇಲೆ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ.

ಹೊರಗಿನ ಯೂನಿಟ್ ಮತ್ತು ಉಪ್ಪುಗಾಳಿ

ಪಣಂಬೂರು, ಮಲ್ಪೆ, ಉಳ್ಳಾಲ, ಮುರುಡೇಶ್ವರದಂಥ ಕಡಲಂಚಿನಲ್ಲಿ ಹೊರಗಿನ ಯೂನಿಟ್ ಹಾಳಾಗುವ ಬಗೆ ಘಟ್ಟದ ಮೇಲಿನವರಿಗೆ ಅಷ್ಟಾಗಿ ಪರಿಚಯವಿಲ್ಲ. ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ಫಿನ್ ತೊಡಿಸಿರುತ್ತಾರೆ. ಉಪ್ಪು ಮತ್ತು ತೇವ ಸೇರಿದಾಗ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಹರಿದು ಅಲ್ಯೂಮಿನಿಯಂ ಕರಗತೊಡಗುತ್ತದೆ, ಅದೂ ಮೊದಲು ಕೊಳವೆಯನ್ನು ಅಪ್ಪಿದ ಜಾಗದಲ್ಲಿ. ಹೊರನೋಟಕ್ಕೆ ಫಿನ್ ಇನ್ನೂ ನಿಂತಿರುತ್ತದೆ, ಆದರೆ ಕೊಳವೆಯಿಂದ ಅದಕ್ಕೆ ಶಾಖ ದಾಟುತ್ತಿರುವುದಿಲ್ಲ. ಕರೆಂಟು ಹೆಚ್ಚು ಎಳೆಯುತ್ತದೆ, ಕಂಪ್ರೆಸರ್ ಕಾದು ಟ್ರಿಪ್ ಆಗುತ್ತದೆ. ಬೆರಳಲ್ಲಿ ಮುಟ್ಟಿದರೆ ಬಿಳಿ ಹುಡಿಯಾಗಿ ಉದುರುವ ಹಂತಕ್ಕೆ ಬಂದ ಕಾಯಿಲ್‌ಗೆ ತೊಳೆಯುವುದರಿಂದ ಪ್ರಯೋಜನವಿಲ್ಲ.

ಇದಕ್ಕೆ ಮದ್ದು ಸಿಹಿನೀರು. ಕಡಲಿನಿಂದ ಅರ್ಧ ಕಿಲೋಮೀಟರ್ ಒಳಗಿದ್ದರೆ ಅಕ್ಟೋಬರ್‌ನಿಂದ ಮೇವರೆಗೆ ಎರಡು-ಮೂರು ವಾರಕ್ಕೊಮ್ಮೆ, ನಾಲ್ಕೈದು ಕಿಲೋಮೀಟರ್ ದೂರದಲ್ಲಿದ್ದರೆ ಎರಡು ತಿಂಗಳಿಗೊಮ್ಮೆ, ಎಂಸಿಬಿ ಆಫ್ ಮಾಡಿ, ತೋಟದ ಪೈಪಿನಲ್ಲಿ ಒತ್ತಡವಿಲ್ಲದೆ 15-20 ಲೀಟರ್ ನೀರು ಫಿನ್ ಮೇಲಿನಿಂದ ಕೆಳಕ್ಕೆ ಹರಿಸಿ. ಪುತ್ತೂರು, ಸುಳ್ಯದ ಕಡೆಗೆ ವರ್ಷಕ್ಕೆ ಎರಡು ಸಲ ಸಾಕು. ಅಲ್ಲಿ ಉಪ್ಪಿಗಿಂತ ಧೂಳು, ತರಗೆಲೆಯ ಕಾಟ ಹೆಚ್ಚು. ನೀರು ಎಂಥದ್ದು ಎಂಬುದೂ ಮುಖ್ಯ. ಅಳಿವೆ, ಹಿನ್ನೀರಿನ ಪಕ್ಕದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುತ್ತದೆ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ 500ಕ್ಕಿಂತ ಮೇಲೆ ತೋರಿಸುವ ನೀರಿನಲ್ಲಿ ತೊಳೆದು ಉಪ್ಪು ಕಳೆಯಲಾಗದು.

ಸಜ್ಜಾದ ಕೆಳಗೆ ಬಚ್ಚಿಟ್ಟ ಯೂನಿಟ್ ಸುರಕ್ಷಿತ ಎಂಬ ನಂಬಿಕೆಯಿದೆ. ನಿಜ ಸಂಗತಿ ತದ್ವಿರುದ್ಧ. ಜೂನ್‌ನಿಂದ ಸುರಿಯುವ ಮಳೆ ಬಯಲಿನಲ್ಲಿರುವ ಯೂನಿಟ್‌ನ ಉಪ್ಪನ್ನು ತಾನೇ ತೊಳೆಯುತ್ತದೆ. ಸಜ್ಜಾ ಕೆಳಗಿನದಕ್ಕೆ ಮಳೆ ತಾಗುವುದಿಲ್ಲ, ಗಾಳಿಯ ಉಪ್ಪು ಮಾತ್ರ ತಾಗುತ್ತದೆ. ಆರ್ದ್ರತೆಯಲ್ಲಿ ಆ ಉಪ್ಪು ಸದಾ ಒದ್ದೆಯಾಗಿಯೇ ಇರುತ್ತದೆ. ಇವನ್ನು ಮಳೆಗಾಲದಲ್ಲೂ ತೊಳೆಯಬೇಕು. ಮಳೆಗೆಂದು ಪ್ಲಾಸ್ಟಿಕ್ ಶೀಟ್ ಸುತ್ತುವುದು ಇನ್ನೂ ಕೆಟ್ಟದು: ತೇವ ಒಳಗೇ ಸಿಕ್ಕಿಬಿದ್ದು ಸ್ಕ್ರೂಗಳಿಂದ ಹಿಡಿದು ಫ್ಯಾನ್ ಮೋಟರಿನ ಬೇರಿಂಗ್‌ವರೆಗೆ ಎಲ್ಲವೂ ತುಕ್ಕು ಹಿಡಿಯುತ್ತದೆ.

ಯೂನಿಟ್ ಹೊತ್ತ ಸ್ಟ್ಯಾಂಡ್ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಬಣ್ಣ ಬಳಿದ ಮಾಮೂಲಿ ಕಬ್ಬಿಣದ ಬ್ರಾಕೆಟ್ ಕಡಲ ಬದಿಯಲ್ಲಿ ಕೆಲವೇ ವರ್ಷಗಳಲ್ಲಿ ವೆಲ್ಡಿಂಗ್ ಜಾಗದಿಂದ ಕೊರೆದುಹೋಗುತ್ತದೆ. ಮೂವತ್ತು-ನಲವತ್ತು ಕಿಲೋ ತೂಕ ಮೂರನೇ ಮಹಡಿಯಿಂದ ಬಿದ್ದರೆ ಕೆಳಗಿನವರ ಗತಿ ಏನು? 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಕಡಲು ಕಾಣುವಷ್ಟು ಹತ್ತಿರದಲ್ಲಿದ್ದರೆ 316, ಬ್ರಾಕೆಟ್ ಮಾತ್ರವಲ್ಲ, ಗೋಡೆಗೆ ಹೊಡೆಯುವ ಆಂಕರ್ ಬೋಲ್ಟ್ ಕೂಡ ಅದೇ ಆಗಿರಲಿ. ಮುರಕಲ್ಲಿನ ಗೋಡೆಯಲ್ಲಿ ಬೋಲ್ಟ್ ಹಿಡಿತ ಸಡಿಲ. ಅಲ್ಲಿ ರಾಸಾಯನಿಕ ಆಂಕರ್ ಹಾಕಿಸಿ, ಇಲ್ಲವೇ ಯೂನಿಟ್ ಅನ್ನು ನೆಲ ಅಥವಾ ತಾರಸಿಯ ಮೇಲೆ ಕಟ್ಟೆ ಕಟ್ಟಿ ಕೂರಿಸಿ.

ಗ್ಯಾಸ್

ಎಸಿಯ ಗ್ಯಾಸ್ ಉರಿದು ಖಾಲಿಯಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಿರುತ್ತದೆ. ಪ್ರತಿ ಮಾರ್ಚ್‌ನಲ್ಲಿ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಆ ಜಾಗ ಹುಡುಕದೆ ತುಂಬಿಸುವುದು ದುಡ್ಡು ಗಾಳಿಗೆ ಬಿಟ್ಟಂತೆ. ಮೊದಲು ಫ್ಲೇರ್ ಜೋಡಣೆಗಳಿಗೆ (ಪೈಪಿನ ತುದಿ ಅಗಲಿಸಿ ನಟ್‌ನಿಂದ ಬಿಗಿದ ಕಡೆಗಳಿಗೆ) ಸೋಪು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಎಣ್ಣೆಯ ಜಿಡ್ಡು ಕಂಡ ಜಾಗವೇ ಸಾಮಾನ್ಯವಾಗಿ ಸೋರುವ ಜಾಗ. ಜೋಡಣೆಗಳೆಲ್ಲ ಸರಿಯಿದ್ದೂ ಗ್ಯಾಸ್ ಹೋಗುತ್ತಿದ್ದರೆ ಒಳಗಿನ ಕಾಯಿಲ್‌ನ ತಾಮ್ರವನ್ನು ಶಂಕಿಸಬೇಕು. ಹೊಸ ಪ್ಲೈವುಡ್, ಅಂಟು, ಬಣ್ಣ, ವಿನೆಗರ್‌ಗಳಿಂದ ಹೊಮ್ಮುವ ಫಾರ್ಮಿಕ್ ಮತ್ತು ಅಸಿಟಿಕ್ ಆಮ್ಲದ ಆವಿ ತೇವದೊಂದಿಗೆ ಸೇರಿ ತಾಮ್ರದೊಳಗೆ ಇರುವೆಗೂಡಿನಂಥ ಕಣ್ಣಿಗೆ ಕಾಣದ ಸುರಂಗ ಕೊರೆಯುತ್ತದೆ. ಹಾಗಾದ ಕಾಯಿಲ್‌ಗೆ ಒಂದು ಕಡೆ ಬೆಸುಗೆ ಹಾಕಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಬದಲಿಸುವುದೇ ಸರಿ.

ಪೈಪಿನ ಮೇಲೆ ಹಿಮ ಕಟ್ಟಿದ ಕೂಡಲೇ ಗ್ಯಾಸ್ ಕಡಿಮೆ ಎಂದು ತೀರ್ಮಾನಿಸುವವರಿದ್ದಾರೆ. ಫಿಲ್ಟರ್, ಬ್ಲೋವರ್ ಕಟ್ಟಿಕೊಂಡು ಗಾಳಿ ಹರಿಯದಿದ್ದರೂ ಹಿಮ ಕಟ್ಟುತ್ತದೆ. ಆದ್ದರಿಂದ ಮೊದಲು ತೊಳೆಯುವುದು, ನಂತರ ಒತ್ತಡ ನೋಡುವುದು. ಇನ್ವರ್ಟರ್ ಎಸಿಯಲ್ಲಿ ಒತ್ತಡ ಕಂಪ್ರೆಸರ್ ವೇಗದ ಜೊತೆ ಏರಿಳಿಯುವುದರಿಂದ ಬರೀ ಗೇಜ್ ನೋಡಿ ತುಂಬಿಸಿದರೆ ಲೆಕ್ಕ ತಪ್ಪುತ್ತದೆ. ಉಳಿದದ್ದನ್ನು ಹೊರತೆಗೆದು, ವ್ಯಾಕ್ಯೂಮ್ ಮಾಡಿ, ಯೂನಿಟ್‌ನ ಫಲಕದಲ್ಲಿ ಬರೆದ ಗ್ರಾಂನಷ್ಟೇ ತೂಕದ ಯಂತ್ರದಲ್ಲಿ ಅಳೆದು ತುಂಬಿಸಬೇಕು. ಆರ್-22 ಎಂಬ ಹಳೆಯ ಗ್ಯಾಸಿನ ಯಂತ್ರಕ್ಕೆ ಸಿಕ್ಕಿದ ಬೇರೆ ಗ್ಯಾಸ್, ಅದರಲ್ಲೂ ಅಡುಗೆ ಗ್ಯಾಸಿನಂಥ ಉರಿಯುವ ಗ್ಯಾಸ್ ತುಂಬಲು ಬಂದವರನ್ನು ಬಾಗಿಲಿನಿಂದಲೇ ಕಳಿಸಿ.

ವಿದ್ಯುತ್ ಕಡೆಗೆ ಎರಡೇ ಮಾತು. ಸ್ಥಿರ ವೇಗದ ಹಳೆಯ ಎಸಿಯಲ್ಲಿ ಕಂಪ್ರೆಸರ್ ಗುಂಯ್‌ಗುಟ್ಟಿ ಹೊರಡದಿದ್ದರೆ ಕೆಪಾಸಿಟರ್ ನೋಡಿಸಿ. ಅದರ ಮೇಲೆ ಬರೆದದ್ದಕ್ಕಿಂತ ಶೇ. 10 ಕಡಿಮೆ ಮೈಕ್ರೋಫ್ಯಾರಡ್ ತೋರಿಸಿದರೆ ಬದಲಿಸಿ, ಕಂಪ್ರೆಸರ್ ಸತ್ತಿದೆ ಎಂದು ಒಪ್ಪಿಕೊಳ್ಳಬೇಡಿ. ಎರಡನೆಯದು ಅರ್ಥಿಂಗ್. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಕೆಲಸ ಮಾಡದಂತಾಗುತ್ತದೆ, ಮುಂಗಾರು ಪೂರ್ವದ ಸಿಡಿಲು ಬರುವುದೂ ಅದೇ ಹೊತ್ತಿಗೆ. ಮಾರ್ಚ್‌ನಿಂದ ಅರ್ಥ್ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕಿ. ನ್ಯೂಟ್ರಲ್-ಅರ್ಥ್ ನಡುವೆ 3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್ ಕರೆಸಿ. ಮುಖ್ಯ ಬೋರ್ಡ್‌ನಲ್ಲಿ ಸರ್ಜ್ ಪ್ರೊಟೆಕ್ಟರ್ ಇರಲಿ. ಇನ್ವರ್ಟರ್ ಎಸಿಯ ಬೋರ್ಡ್ ಸುಟ್ಟರೆ ಬರುವ ಬಿಲ್‌ಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ.

ಹೊಸದು ಕೊಳ್ಳುವಾಗ

ಆರ್-22 ಯಂತ್ರದ ಕಾಯಿಲ್ ಅಥವಾ ಕಂಪ್ರೆಸರ್ ಹೋಗಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ. ಮಾಂಟ್ರಿಯಲ್ ಒಪ್ಪಂದದಂತೆ ಆ ಗ್ಯಾಸ್ 2030ರ ಹೊತ್ತಿಗೆ ಸರ್ವಿಸ್‌ಗೆ ಬೇಕಾದ ಸಣ್ಣ ಪಾಲು ಬಿಟ್ಟು ನಿಂತುಹೋಗಲಿದೆ.

ಸ್ಟಾರ್ ಕೊಡುವ ಕೇಂದ್ರ ಸಂಸ್ಥೆ ಬಿಇಇಯ ಲೇಬಲ್ ಮೇಲಿನ ವಾರ್ಷಿಕ ಯೂನಿಟ್ ಲೆಕ್ಕ 1,600 ಗಂಟೆಗಳದ್ದು. ರಾತ್ರಿ 8 ಗಂಟೆಯಂತೆ ಏಳು ತಿಂಗಳು ಓಡಿಸುವ ಕರಾವಳಿ ಮನೆಗೆ ಅದು ಸರಿಹೊಂದುತ್ತದೆ. 1.5 ಟನ್‌ನಲ್ಲಿ 3 ಸ್ಟಾರ್ ಮತ್ತು 5 ಸ್ಟಾರ್ ನಡುವೆ ಸುಮಾರು 250 ಯೂನಿಟ್ ವ್ಯತ್ಯಾಸ. ಯೂನಿಟ್‌ಗೆ 6 ರೂಪಾಯಿ ಎಂದರೆ ವರ್ಷಕ್ಕೆ 1,500 ರೂಪಾಯಿ. ಬೆಲೆಯಲ್ಲಿ 10,000 ರೂಪಾಯಿ ವ್ಯತ್ಯಾಸವಿದ್ದರೆ ವಾಪಸು ಬರಲು ಆರೇಳು ವರ್ಷ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ಗಡಿಯ ಹತ್ತಿರ ಇರುವವರಿಗೆ ಮಾತ್ರ ಲೆಕ್ಕ ಬೇರೆ, ಗಡಿ ದಾಟಿದರೆ ಇಡೀ ಬಿಲ್ ಕಟ್ಟಬೇಕಾಗುತ್ತದೆ. ಉಳಿದವರಿಗೆ ನನ್ನ ಸಲಹೆ ಇದು: ಆರೇಳು ವರ್ಷ ಕಾಯಿಲ್ ಬಾಳುತ್ತದೆಯೇ ಎಂಬುದನ್ನು ಮೊದಲು ನೋಡಿ, ಸ್ಟಾರ್ ಆಮೇಲೆ. ತಾಮ್ರದ ಕೊಳವೆ, ಲೇಪವಿರುವ ಫಿನ್, ಹೊರಗಿನ ಕಾಯಿಲ್‌ಗೂ ವಾರಂಟಿ, ಆ ವಾರಂಟಿಯಲ್ಲಿ ಉಪ್ಪುಗಾಳಿಯ ಹಾನಿಯನ್ನು ಕೈಬಿಟ್ಟಿಲ್ಲ ಎಂಬುದು ಲಿಖಿತವಾಗಿ ಬೇಕು. ಇನ್ನೊಂದು ಸಂಗತಿ: ಸ್ಟಾರ್ ಪರೀಕ್ಷೆ ನಡೆಯುವುದು 27 ಡಿಗ್ರಿ, ಸುಮಾರು ಶೇ. 47 ಆರ್ದ್ರತೆಯ ಕೋಣೆಯಲ್ಲಿ. ತೇವ ಹಿಂಡುವ ಶಕ್ತಿಯ ಬಗ್ಗೆ ಲೇಬಲ್ ಏನನ್ನೂ ಹೇಳುವುದಿಲ್ಲ. ಆರ್ದ್ರತೆ ಅಳೆದು ನಿಯಂತ್ರಿಸುವ ಮಾದರಿ ಸಿಕ್ಕರೆ 4 ಸ್ಟಾರ್ ಆದರೂ ಅದನ್ನೇ ಆರಿಸುವುದು ಒಳ್ಳೆಯದು.

ಹಳೆಯ ಆರ್-22 ಪೈಪನ್ನು ಹೊಸ ಆರ್-32 ಯಂತ್ರಕ್ಕೆ ಬಳಸಲು ಬಿಡಬೇಡಿ. ಹೊಸ ಗ್ಯಾಸಿನ ಒತ್ತಡ ಸುಮಾರು 1.6 ಪಟ್ಟು ಹೆಚ್ಚು, ಎಣ್ಣೆಯೂ ಬೇರೆ. ಪೈಪಿಗೆ ಸುತ್ತುವ ನೈಟ್ರೈಲ್ ರಬ್ಬರ್ 9 ಮಿಲಿಮೀಟರ್‌ನದ್ದಾದರೆ ಕರಾವಳಿಯಲ್ಲಿ ಬೆವರುತ್ತದೆ. 13, ಸೀಲಿಂಗ್ ಒಳಗೆ ಹೋಗುವಲ್ಲಿ 19 ಮಿಲಿಮೀಟರ್ ಕೇಳಿ. ಎರಡೂ ಪೈಪಿಗೆ ಬೇರೆಬೇರೆ ಸುತ್ತಬೇಕು, ಬಿಸಿಲಿಗೆ ಬೀಳುವ ಭಾಗಕ್ಕೆ ಮೇಲೊಂದು ಟೇಪ್ ಇಲ್ಲವೇ ಪಿವಿಸಿ ಹೊದಿಕೆ ಬೇಕು. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಲಿ, ಇಲ್ಲದಿದ್ದರೆ ಪಡುವಣ ಗಾಳಿಯ ಮಳೆ ಪೈಪ್ ಹಿಡಿದೇ ಒಳಗೆ ಬರುತ್ತದೆ.

ಅಳವಡಿಸುವ ದಿನ ಪಕ್ಕದಲ್ಲಿ ನಿಂತು ಮೂರು ಉಪಕರಣ ಬಂದಿವೆಯೇ ನೋಡಿ: ಟಾರ್ಕ್ ವ್ರೆಂಚ್, ನೈಟ್ರೋಜನ್ ಸಿಲಿಂಡರ್, ವ್ಯಾಕ್ಯೂಮ್ ಪಂಪ್. ಕಾಲು ಇಂಚಿನ ನಟ್‌ಗೆ 15ರಿಂದ 17, ಅರ್ಧ ಇಂಚಿನದ್ದಕ್ಕೆ 50ರಿಂದ 60 ನ್ಯೂಟನ್ ಮೀಟರ್ ಬಿಗಿ. ಇದಕ್ಕಿಂತ ಸಡಿಲವಾದರೆ ಸೋರುತ್ತದೆ, ಹೆಚ್ಚಾದರೆ ಫ್ಲೇರ್ ಬಿರಿಯುತ್ತದೆ. ಸೋರಿಕೆ ಪರೀಕ್ಷೆಗೆ ನೈಟ್ರೋಜನ್ ಮಾತ್ರ. ಆಮ್ಲಜನಕ ಹಾಕಿದರೆ ಎಣ್ಣೆಯ ಜೊತೆ ಸೇರಿ ಸ್ಫೋಟವಾದೀತು. ಆಮೇಲೆ ಪೈಪಿನೊಳಗಿನ ಒತ್ತಡ 500 ಮೈಕ್ರಾನ್‌ಗೆ ಇಳಿಯುವವರೆಗೆ ವ್ಯಾಕ್ಯೂಮ್, ಪಂಪ್ ನಿಲ್ಲಿಸಿ ಹತ್ತು ನಿಮಿಷ ಮುಳ್ಳು ನಿಲ್ಲುತ್ತದೆಯೇ ಎಂಬ ಪರೀಕ್ಷೆ. ಯೂನಿಟ್‌ನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನ ಗಾಳಿ ಹೊರಗೆ ನೂಕುವ ಅಡ್ಡದಾರಿಯನ್ನು ಒಪ್ಪಬೇಡಿ. ನಮ್ಮ ಗಾಳಿಯ ತೇವ ಪೈಪಿನೊಳಗೆ ಉಳಿದರೆ ಹೊಸ ಯಂತ್ರದ ಎಣ್ಣೆ ಅದನ್ನು ಹೀರಿಕೊಂಡು ಆಮ್ಲವಾಗುತ್ತದೆ, ಎರಡು-ಮೂರು ವರ್ಷ ಕಳೆದು ಕಂಪ್ರೆಸರ್ ಸುಟ್ಟಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ಪೈಪ್ ಉದ್ದ ಕಂಪನಿ ಹೇಳಿದ ಮಿತಿ ದಾಟಿದರೆ ಮೀಟರಿಗೆ ಸುಮಾರು 20 ಗ್ರಾಂ ಗ್ಯಾಸ್ ಹೆಚ್ಚು ಬೇಕಾಗುತ್ತದೆ. ನಿಮ್ಮ ಮಾದರಿಯ ಸರಿಯಾದ ಅಂಕಿ ಕೈಪಿಡಿಯಲ್ಲಿರುತ್ತದೆ. ತುಂಬಿದ ಒಟ್ಟು ಗ್ರಾಂ, ದಿನಾಂಕ, ಪೈಪ್ ಉದ್ದ ಮೂರನ್ನೂ ಪರ್ಮನೆಂಟ್ ಮಾರ್ಕರ್‌ನಲ್ಲಿ ಹೊರಗಿನ ಯೂನಿಟ್‌ನ ವಾಲ್ವ್ ಮುಚ್ಚಳದ ಒಳಬದಿಗೆ ಬರೆಸಿಡಿ. ಮುಂದೆ ಸರ್ವಿಸ್‌ಗೆ ಬರುವ ಯಾವ ಮೆಕ್ಯಾನಿಕ್‌ಗೂ ಗ್ಯಾಸ್ ಎಷ್ಟಿರಬೇಕೆಂದು ಊಹಿಸುವ ಕೆಲಸ ಉಳಿಯುವುದಿಲ್ಲ.